ಚೆನ್ನೆಮಣೆಯಲ್ಲಿ ಮಿಡ್‌ವೇ

ಇಂಥ ಕಥೆಗಳನ್ನು ನಾನು ನಂಬುವವನಲ್ಲ. ಬಂಟ್ವಾಳದಿಂದ ಹೊರಟ ಬಸ್ಸಿನಲ್ಲಿ ಯಾರಾದರೂ "ನಾನು ಕಣ್ಣಾರೆ ಕಂಡದ್ದು" ಎಂದು ಶುರುಮಾಡಿದರೆ, ಇಳಿಯುವ ತನಕ ವಾದ ಮಾಡಿ ಅವರ ಬಾಯಿ ಮುಚ್ಚಿಸುತ್ತಿದ್ದೆ. "ಮೊದಲು ಕಣ್ಣು ತೋರಿಸಿಕೊಳ್ಳಿ" ಎಂದು ಹೇಳಿ ಹಿರಿಯರಿಂದ ಬೈಸಿಕೊಂಡದ್ದೂ ಉಂಟು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ಧಾರಾಳವಾಗಿ ನಗಬಹುದು.

ತೊಂಬತ್ತರ ದಶಕದ ಕೊನೆ. ಪುಂಜಾಲಕಟ್ಟೆಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠದ ಮಾಷ್ಟ್ರು. ಹಿಂದಿನ ವರ್ಷ ಬೆಳ್ತಂಗಡಿಯಲ್ಲಿ ಸುತ್ತಲಿನ ಶಾಲೆಗಳ ಮಾಷ್ಟ್ರುಗಳೆದುರು ಒಂದು ಮಾದರಿ ಪಾಠ ಮಾಡಿ ಮಾನ ಕಳೆದುಕೊಂಡಿದ್ದೆ. ಇಸವಿಯ ಮೇಲೆ ಇಸವಿ ಹೇಳುತ್ತಾ ಹೋದೆ. ಮುಂದಿನ ಬೆಂಚಿನಲ್ಲಿದ್ದ ಹಿರಿಯ ಮಾಷ್ಟ್ರೊಬ್ಬರು ಗೊರಕೆ ಹೊಡೆದರು, ಸಭೆಯೆಲ್ಲ ನಕ್ಕಿತು. ಈ ವರ್ಷ ಮೂಡುಬಿದಿರೆಯಲ್ಲಿ ಮತ್ತೆ ನನ್ನ ತಲೆಗೇ ಕಟ್ಟಿದ್ದರು. ಎರಡನೇ ಮಹಾಯುದ್ಧದ ದಿಕ್ಕನ್ನು ಸಮುದ್ರದ ಮತ್ತು ದ್ವೀಪಗಳ ಕಾಳಗಗಳು ಹೇಗೆ ಬದಲಿಸಿದವು ಎಂಬುದು ವಿಷಯ. ಈ ಸಲವೂ ನಗೆಪಾಟಲಾದರೆ ಮಾಷ್ಟ್ರಿಕೆಯನ್ನೇ ಬಿಡುವುದೆಂದು ನಿಶ್ಚಯಿಸಿ, ರಾಜೀನಾಮೆ ಪತ್ರವನ್ನೂ ಬರೆದಿಟ್ಟಿದ್ದೆ.

ಆಗ ನೆನಪಾದದ್ದು ಪಕ್ಕದ ಮನೆಯ ಸೇಸಕ್ಕನ ಚೆನ್ನೆಮಣೆ. ಸೇಸಕ್ಕನಿಗೆ ಅರುವತ್ತರ ಹತ್ತಿರ. ದಿನವಿಡೀ ಬೀಡಿ ಕಟ್ಟುವ ಕೈ. ಜಡಿಮಳೆಯ ಆಟಿ ತಿಂಗಳು ಬಂತೆಂದರೆ ಮಾತ್ರ ಆ ಕೈ ಬೀಡಿ ಬಿಟ್ಟು ಚೆನ್ನೆಕಾಯಿ ಹಿಡಿಯುತ್ತಿತ್ತು. ಮಣೆಯಲ್ಲಿ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಒಂದು ಗುಳಿಯದ್ದನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಕೈ ಬರಿದಾದರೆ ಅದರ ಮುಂದಿನ ಗುಳಿಯದ್ದನ್ನು ಎತ್ತಬೇಕು. ಆ ಗುಳಿ ಖಾಲಿಯಿದ್ದರೆ ಅದರಾಚೆಯ ಗುಳಿಯಲ್ಲಿ ಇರುವುದೆಲ್ಲ ನಿಮ್ಮದು. ಪೆಸಿಫಿಕ್ ಸಾಗರದಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. ಅಮೆರಿಕದವರು ಸಿಕ್ಕಿದ ದ್ವೀಪಕ್ಕೆಲ್ಲ ಕೈ ಹಾಕಲಿಲ್ಲ. ಜಪಾನಿನ ಸೈನಿಕರು ತುಂಬಿದ್ದ ರಬೌಲಿನಂಥ ನೆಲೆಯನ್ನೂ ಖಾಲಿ ಗುಳಿಯ ಹಾಗೆ ಬಿಟ್ಟು ಆಚೆಗೆ ಹಾರಿದರು. ಹೊತ್ತೊಯ್ಯುವ ಹಡಗಿಲ್ಲದ ಮೇಲೆ ಅಲ್ಲಿನ ಸಾವಿರಾರು ಸೈನಿಕರು ಕೂತಲ್ಲೇ ಕೂರಬೇಕಾಯಿತು.

ಮಣೆ ಕೇಳಲು ಹೋದಾಗ ದೀಪಾವಳಿ ಕಳೆದಿತ್ತು. ಸೇಸಕ್ಕ ಸುತಾರಾಂ ಒಪ್ಪಲಿಲ್ಲ.

"ಆಟಿ ಮುಗಿದ ಮೇಲೆ ಮಣೆ ಅಟ್ಟದಿಂದ ಇಳಿಸ್ಲಿಕ್ಕಿಲ್ಲ ಮಾಷ್ಟ್ರೇ."

"ಇದು ಆಟ ಅಲ್ಲ ಸೇಸಕ್ಕ, ಪಾಠ" ಎಂದೆ.

"ಪಾಠ ಆದ್ರೆ ಆದೀತು. ಆದ್ರೆ ಮಣೆಯೊಟ್ಟಿಗೆ ನಾನೂ ಬರ್ತೇನೆ. ನನ್ನ ಅಜ್ಜಿಯ ಮಣೆ ಅದು."

ಮನೆಯಲ್ಲಿ ಅಭ್ಯಾಸಕ್ಕೆ ಕೂತೆವು. ಮೊದಲ ಗೆಲುವು ಬೀಳುವ ಗುಳಿಯ ಪಕ್ಕದಲ್ಲಿ ಸೀಮೆಸುಣ್ಣದಿಂದ ‘ಮಿಡ್‌ವೇ’ ಎಂದು ಬರೆದೆ. ಮಿಡ್‌ವೇ ಕಾಳಗದಲ್ಲಿ ಜಪಾನು ಕಳೆದುಕೊಂಡದ್ದು ನಾಲ್ಕು ವಿಮಾನವಾಹಕ ಹಡಗು. ಅಲ್ಲಿಂದಲೇ ಯುದ್ಧ ಮಗ್ಗುಲು ಬದಲಿಸಿತು. ನಮ್ಮ ಗುಳಿಯಲ್ಲಿ ಸಿಕ್ಕಿದ್ದು ಆರು ಕಾಯಿ.

"ನಾಲ್ಕು ಬರುವ ಹಾಗೆ ಆಡಿ" ಎಂದೆ.

ಸೇಸಕ್ಕ ಬಿದ್ದು ಬಿದ್ದು ನಕ್ಕಳು. "ಮೊದಲ ಕೈಗೆ ಆರೇ ಬರುದು. ಎಲ್ಲಿಂದ ಎತ್ತಿದ್ರೂ ಆರೇ."

ಎಲ್ಲ ಗುಳಿಯಿಂದಲೂ ಎತ್ತಿ ನೋಡಿದೆ. ಆರೇ. ದಾಳವಿಲ್ಲದ, ಅದೃಷ್ಟಕ್ಕೆ ಎಡೆಯೇ ಇಲ್ಲದ ಲೆಕ್ಕ ಅದು. ಎರಡು ಕಾಯಿ ಮೊದಲೇ ತೆಗೆದಿಡುವ ಎಂದು ಮೆಲ್ಲಗೆ ಹೇಳಿದೆ. "ನನ್ನ ಮಣೆಯಲ್ಲಿ ಕಳ್ಳಾಟ ಇಲ್ಲ" ಎಂದು ಸೇಸಕ್ಕ ಬಾಯಿ ಮುಚ್ಚಿಸಿದಳು. ಆರಕ್ಕೂ ನಾಲ್ಕಕ್ಕೂ ಏನಾದರೂ ಸಬೂಬು ಹೇಳಿದರಾಯಿತೆಂದು ಎದೆ ಗಟ್ಟಿಮಾಡಿಕೊಂಡೆ.

ಮೂಡುಬಿದಿರೆಗೆ ಸೇಸಕ್ಕ ಮದುವೆಗೆ ಹೊರಟಂತೆ ಹೊರಟಳು. ಮುಡಿಗೆ ಮಲ್ಲಿಗೆ, ಮಡಿಲಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಮಣೆ. ವೇಣೂರು ದಾಟುವಷ್ಟರಲ್ಲಿ ಬಸ್ಸಿನ ಅರ್ಧ ಜನಕ್ಕೆ ಜಪಾನಿನ ಸಂಗತಿ ಹೇಳಿಯಾಗಿತ್ತು. ನಾನೋ ಆರಕ್ಕೆ ಸಬೂಬು ಹುಡುಕುತ್ತಾ ಕೂತಿದ್ದೆ.

ಸಭೆಯಲ್ಲಿ ಅದೇ ಹಿರಿಯ ಮಾಷ್ಟ್ರು, ಅದೇ ಮುಂದಿನ ಬೆಂಚು. ಬೇಕೆಂದೇ ಅವರನ್ನು ಮೇಜಿನ ಹತ್ತಿರ ಕರೆದು ಕಾಯಿ ಎಣಿಸಲು ಹೇಳಿದೆ. ಎಚ್ಚರವಾಗಿಯಾದರೂ ಇರಲಿ ಎಂದು. ಅವರು ಕನ್ನಡಕ ಏರಿಸಿ ಒಂದೊಂದೇ ಗುಳಿಯನ್ನು ಗಟ್ಟಿಯಾಗಿ ಎಣಿಸಿದರು. ಗುಳಿಗೆ ನಾಲ್ಕು, ಒಟ್ಟು ಐವತ್ತಾರು. ಬೆಳಗಿನ ಹನ್ನೊಂದು ಗಂಟೆ, ಕಿಟಕಿಗಳೆಲ್ಲ ತೆರೆದಿದ್ದವು, ಎಲ್ಲರ ಕಣ್ಣೂ ಮಣೆಯ ಮೇಲೆ.

ಸೇಸಕ್ಕ ಎತ್ತಿದಳು, ಹಾಕಿದಳು. ನಾನು ಪಾಠ ಹೇಳುತ್ತಾ ಹೋದೆ. ಅವಳ ಕೈ ಖಾಲಿ ಗುಳಿಯ ಮುಂದೆ ನಿಂತಿತು. ಆಚೆಯ ಗುಳಿ ಮಿಡ್‌ವೇ. ಅದರಲ್ಲಿದ್ದುದನ್ನು ಬಾಚಿ ಮೇಜಿನ ಮೇಲೆ ಹರಡಿದಳು.

ನಾಲ್ಕು.

ಸೇಸಕ್ಕ ನನ್ನ ಮುಖ ನೋಡಿದಳು, ನಾನು ಅವಳದ್ದು. ಬಾಯಿ ಮಾತ್ರ ತನ್ನಷ್ಟಕ್ಕೆ "ನಾಲ್ಕು ವಿಮಾನವಾಹಕಗಳು!" ಎಂದು ಕೂಗಿತು. ಸಭೆ ಚಪ್ಪಾಳೆ ತಟ್ಟಿತು. ನನ್ನ ಜೀವನದಲ್ಲಿ ಅಂಥ ಚಪ್ಪಾಳೆ ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಉಳಿದ ಮುಕ್ಕಾಲು ಗಂಟೆ ದ್ವೀಪದಿಂದ ದ್ವೀಪಕ್ಕೆ ಹಾರುತ್ತಾ ಹೇಗೆ ಪಾಠ ಮುಗಿಸಿದೆನೋ ಗೊತ್ತಿಲ್ಲ, ಯಾರೂ ಆಕಳಿಸಲಿಲ್ಲ.

ಮುಗಿದ ಮೇಲೆ ಹಿರಿಯ ಮಾಷ್ಟ್ರು ಕಾಯಿ ಮತ್ತೆ ಎಣಿಸಿದರು. ಐವತ್ತಾರು, ಒಂದೂ ಕಡಿಮೆಯಿಲ್ಲ. ಅವರ ಮನೆಯಲ್ಲೂ ಚೆನ್ನೆ ಆಡುತ್ತಿದ್ದರಂತೆ, ಆರರ ಲೆಕ್ಕ ಅವರಿಗೂ ಗೊತ್ತಿತ್ತು. "ಇನ್ನೊಂದು ಸಲ ಆಡುವ" ಎಂದರು. ಅದೇ ಗುಳಿಯಿಂದ ಎತ್ತಿ ಆಡಿದೆವು. ಆರು! ಇನ್ನೊಮ್ಮೆ ಆಡಿದೆವು. ಆರು! ನನ್ನ ಮುಖ ಬಿಳಿಚಿತು. ಅವರು ಹೆಗಲ ಮೇಲೆ ಕೈಯಿಟ್ಟು, "ಬಿಡು ಮಾರಾಯ, ಮಿಡ್‌ವೇ ಆಗುದು ಒಂದೇ ಸಲ" ಎಂದು ಹೊಟ್ಟೆ ಕುಣಿಸಿ ನಕ್ಕರು.

ರಾಜೀನಾಮೆ ಪತ್ರವನ್ನು ಮರುದಿನವೇ ಒಲೆಗೆ ಹಾಕಿದೆ. ಆದರೆ ಆ ನಾಲ್ಕು ನನ್ನನ್ನು ಬಿಡಲಿಲ್ಲ. ಸೇಸಕ್ಕ ತಪ್ಪಿ ಒಂದು ಗುಳಿ ಹಾರಿಸಿರಬೇಕು ಎಂದು ಒಮ್ಮೆ ಅನ್ನಿಸುತ್ತದೆ. ಹಾಗಿದ್ದರೆ ಅಷ್ಟು ಕಣ್ಣುಗಳಿಗೆ ಕಾಣದೆ ಇರುತ್ತದೆಯೆ? ಹುಟ್ಟಿದಾರಭ್ಯ ಆಡಿದ ಕೈ ಆ ದಿನವೇ, ನನಗೆ ಬೇಕಾದ ಅಂಕೆಗೇ, ತಪ್ಪುತ್ತದೆಯೆ? ಒಂದೇ ಒಂದು ದಾರಿ ಉಳಿದದ್ದು, ಪಾಪ, ನನ್ನ ಮಾನ ಉಳಿಸಲು ಅವಳೇ ಏನೋ ಕೈಚಳಕ ಮಾಡಿದ್ದಾಳೆ ಎಂದು. ಕೇಳಲು ಮುಜುಗರ. ವರ್ಷಗಳು ಹಾಗೇ ಕಳೆದವು.

ಕೊನೆಗೆ, ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾದ ಮೇಲೆ, ಇವತ್ತು ಕೇಳಿಯೇ ಬಿಡುವುದೆಂದು ಅವಳ ಮನೆಗೆ ಹೋದೆ. ಸೇಸಕ್ಕ ಬೆಲ್ಲ, ನೀರು ತಂದಿಟ್ಟು ಎದುರು ಕೂತಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳೇ ಮುಂದಕ್ಕೆ ಬಾಗಿ, ಯಾರಿಗೂ ಕೇಳದ ಹಾಗೆ ಪಿಸುಗುಟ್ಟಿದಳು:

"ಈಗಾದ್ರೂ ಹೇಳಿ ಮಾಷ್ಟ್ರೇ, ನಾನು ಯಾರಿಗೂ ಹೇಳುದಿಲ್ಲ. ಆ ದಿನ ನೀವು ಹೇಗೆ ಮಾಡಿದ್ದು?"