ಗೇಟಿಗೆ ಗಾಡಿ ಅಡ್ಡ ನಿಲ್ಲಿಸಿದ ನರ್ಸಬಾಯಿ

ಅವರ ಎಡಗಣ್ಣಿನ ರೆಪ್ಪೆ ಅರ್ಧ ಇಳಿಬಿದ್ದಿತ್ತು. ಹೊಸಬರಿಗೆ ಈ ಹೆಂಗಸು ಕುಂತಲ್ಲೇ ತೂಕಡಿಸುತ್ತಿದ್ದಾಳೆ ಅನ್ನಿಸುತ್ತಿತ್ತು. ಶಹಾಪುರದ ಸರ್ಕಾರಿ ದವಾಖಾನೆಯಲ್ಲಿ ಹಾಗೆ ಅಂದುಕೊಂಡು ಪಾಳಿ ಬಿಟ್ಟು ಮುಂದೆ ನುಗ್ಗಿದವರು ಅವರ ಬಾಯಿಗೆ ಸಿಕ್ಕು ಹಿಂದೆ ಸರಿದದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಊರಿಗೆಲ್ಲ ಅವರು ನರ್ಸಬಾಯಿ. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬರೇ ಇದ್ದರು. ಹಳೆಯದೊಂದು ಟಿವಿಎಸ್ ಗಾಡಿ ಇತ್ತು. ಅದರ ಹಾರ್ನ್ ಕೆಟ್ಟು ಯಾವ ಕಾಲವಾಗಿತ್ತೋ, "ಸರೀರಿ, ಸರೀರಿ" ಎಂದು ಕೂಗುತ್ತಲೇ ಸಂತೆಯ ನಡುವೆ ದಾರಿ ಮಾಡಿಕೊಳ್ಳುತ್ತಿದ್ದರು.

ಭಾನುವಾರ ಚರ್ಚಿನಲ್ಲಿ ಅವರ ಪ್ರಾರ್ಥನೆ ಕೇಳಲು ನನಗೂ ಅಣ್ಣನಿಗೂ ಬಲು ಇಷ್ಟ. ಅದು ಪ್ರಾರ್ಥನೆಯೋ ತಕರಾರೋ ಹೇಳುವುದು ಕಷ್ಟ. "ತಂದೆ, ಹ್ವಾದ ವಾರಾನೂ ನಿನಗ ಹೇಳಿದ್ದೆ. ಆ ಹುಡುಗಿ ಜ್ವರ ಇನ್ನೂ ಇಳಿದಿಲ್ಲ. ಏನ ಮಾಡಾಕತ್ತಿ ನೀ?" ಎಂದು ಕಣ್ಣು ಮುಚ್ಚಿಕೊಂಡೇ ಗದರಿಸುತ್ತಿದ್ದರು. ಅಣ್ಣ ನಗು ತಡೆಯಲಾಗದೆ ನನ್ನ ಭುಜಕ್ಕೆ ಮುಖ ಒತ್ತಿಕೊಳ್ಳುತ್ತಿದ್ದ.

ಆ ಅಣ್ಣ ಇಪ್ಪತ್ತಮೂರನೆಯ ವಯಸ್ಸಿಗೆ ತನ್ನ ಜೀವ ತಾನೇ ತೆಗೆದುಕೊಂಡ. ಯಾಕೆ ಎಂದು ನಮಗೆ ಇಂದಿಗೂ ಗೊತ್ತಿಲ್ಲ. ಒಂದು ವರ್ಷದಿಂದ ಮಾತು ಕಡಿಮೆ ಮಾಡಿದ್ದ, ಊಟ ಬಿಟ್ಟಿದ್ದ, ಹಗಲಿನಲ್ಲೂ ಹೊದ್ದು ಮಲಗುತ್ತಿದ್ದ. ಹುಡುಗ ಸೋಮಾರಿಯಾದ ಎಂದು ನಾವು ಬೈದೆವು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಪೊಲೀಸರ ಕೆಲಸ ಮುಗಿದು ಮಧ್ಯಾಹ್ನ ಅವನನ್ನು ಮನೆಗೆ ತಂದರು. ಅಂಗಳದಲ್ಲಿ ಚರ್ಚಿನ ಸಭೆಯ ಹಿರಿಯರು ನಾಲ್ಕು ಜನ ನಿಂತಿದ್ದರು. ಹೊಸದಾಗಿ ಬಂದ ಪಾಸ್ಟರ್ ತಲೆ ತಗ್ಗಿಸಿಕೊಂಡಿದ್ದರು. ಹಿರಿಯರಲ್ಲೊಬ್ಬರು ಅಪ್ಪನ ಹೆಗಲ ಮೇಲೆ ಕೈ ಇಟ್ಟು, "ಇಂಥಾ ಸಾವಿಗೆ ಸಮಾಧಿ ತ್ವಾಟದ ಒಳಗ ಜಾಗ ಇಲ್ಲರಿ. ಗೋಡಿ ಹೊರಗ, ಹಳ್ಳದ ಕಡೆ ಹಾಕಿ ಬರೂಣು. ಪ್ರಾರ್ಥನಿ ಗೀರ್ಥನಿ ಬ್ಯಾಡ" ಅಂದರು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಯಾರಿಗೂ ಎದುರಾಡಿದ ಮನುಷ್ಯನಲ್ಲ. ಕೈ ಮುಗಿದು, "ನೀವು ಹೆಂಗಂತೀರಿ ಹಂಗ್ರಿ" ಅಂದುಬಿಟ್ಟ.

ಅಷ್ಟರಲ್ಲಿ ನರ್ಸಬಾಯಿ ಡ್ಯೂಟಿ ಬಿಟ್ಟು ಬಂದರು. ಗಾಡಿಯನ್ನು ಪಕ್ಕಕ್ಕೆ ಹಚ್ಚಲಿಲ್ಲ. ಗೇಟಿನ ನಡುವೆ ಅಡ್ಡ ನಿಲ್ಲಿಸಿ ಕೀಲಿ ಕುಪ್ಪಸಕ್ಕೆ ಸಿಕ್ಕಿಸಿಕೊಂಡರು. ಹಿರಿಯರು ಹೊರಗೆ ಹೋಗಬೇಕೆಂದರೆ ಆ ಗಾಡಿ ದಾಟಿ ಹೋಗಬೇಕು.

"ಯಾರಿಗೆ ಜಾಗ ಇಲ್ಲಂದ್ರಿ?"

"ಬಾಯಿ, ನಿಮಗ ಗೊತ್ತಿದ್ದದ್ದ ಅದ. ಹುಡುಗ ಪಾಪ ಮಾಡ್ಕೊಂಡಾನ" ಅಂದರು ಹಿರಿಯರು.

"ಪಾಪ ಅಲ್ಲರಿ, ಬ್ಯಾನಿ. ಮೂವತ್ತು ವರ್ಷ ದವಾಖಾನ್ಯಾಗ ನೋಡೀನಿ ನಾ. ಕಾಮಣಿ ಆಗಿ ಸತ್ತಿದ್ರ ಒಳಗ ಹಾಕ್ತಿದ್ರಿಲ್ಲೋ? ಮನಸಿಗೆ ಬ್ಯಾನಿ ಬಂದ್ರ ಹಳ್ಳಕ್ಕ ಒಗೀತೀರೇನು? ಕುಷ್ಠ ಆದವರನ್ನ ಮುಟ್ಟಿದಾತನ ಹೆಸರು ಹೇಳ್ಕೊಂಡು ಅಡ್ಡಾಡ್ತೀರಿ, ಈ ಕೂಸಿನ್ನ ಮುಟ್ಟಾಕ ಅಂಜ್ತೀರಿ!"

ಪಾಸ್ಟರ್ ಮೆಲ್ಲಗೆ, "ಮ್ಯಾಲಿನವರನ್ನ ಒಂದ ಮಾತು ಕೇಳಬೇಕಾಗ್ತದ, ಬಾಯಿ" ಅಂದರು.

"ಕೇಳ್ರಿ. ನನ್ನ ಮುಂದ ಫೋನ್ ಹಚ್ರಿ. ಅಲ್ಲೀತನಕ ನಾ ಇಲ್ಲಿಂದ ಸರಿಯಂಗಿಲ್ಲ."

ಹಾಗೆಂದವರೇ ಅಣ್ಣನ ತಲೆಯ ಬಳಿ ಕೂತು, ಅವನ ಕೂದಲು ಸರಿಮಾಡಿ, ಹಾಡಲು ಶುರು ಮಾಡಿದರು. ದನಿ ಒರಟು, ರಾಗ ಅಷ್ಟಕ್ಕಷ್ಟೇ. ಮೊದಲ ಚರಣ ಒಬ್ಬರೇ ಹಾಡಿದರು. ಎರಡನೆಯದಕ್ಕೆ ಪಕ್ಕದ ಮನೆಯ ಮುದುಕಿ ಸೇರಿದಳು. ಆಮೇಲೆ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಕೂತರು. ಪಾಸ್ಟರ್ ಫೋನನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದರು. ಕೊನೆಗೆ ಯಾರಿಗೂ ಹಚ್ಚಲಿಲ್ಲ. ಅದನ್ನು ಜೇಬಿಗೆ ಹಾಕಿ, ಚೀಲದಿಂದ ಪ್ರಾರ್ಥನೆಯ ಪುಸ್ತಕ ತೆಗೆದರು. ಹಿರಿಯರಲ್ಲಿ ಇಬ್ಬರು ಗಾಡಿ ದಾಟಿ ಹೊರಟುಹೋದರು, ಇಬ್ಬರು ಉಳಿದು ಹೆಗಲು ಕೊಟ್ಟರು. ಹೊತ್ತು ಮುಳುಗುವ ಮೊದಲೇ ಅಣ್ಣನನ್ನು ಎಲ್ಲರಂತೆ, ಎಲ್ಲರ ನಡುವೆ, ಗೋಡೆಯ ಒಳಗೆ ಮಣ್ಣು ಮಾಡಿದೆವು.

ನಿಜವಾದ ಕಷ್ಟ ಆಮೇಲೆ ಬಂತು. ಅವ್ವ ಮಾತು ನಿಲ್ಲಿಸಿದಳು. ಚರ್ಚಿಗೆ ಬರಲೊಲ್ಲಳು, ತಲೆ ಬಾಚಲೊಲ್ಲಳು. ನೋಡಲು ಬಂದವರೆಲ್ಲ "ದೇವರ ಚಿತ್ತ, ಏನ ಮಾಡಾಕ ಬರ್ತದ" ಎನ್ನುವರು. ಒಂದು ದಿನ ನರ್ಸಬಾಯಿ ಅಡುಗೆಮನೆಯಿಂದಲೇ ಕೂಗಿ ಹೇಳಿದರು: "ದೇವರ ಚಿತ್ತ ಅನ್ನೋರಿಗೆ ಈ ಮನ್ಯಾಗ ಚಹಾ ಇಲ್ಲ ನೋಡ್ರಿ!" ಆವತ್ತಿನಿಂದ ಆ ಮಾತು ನಮ್ಮ ಮನೆಯಲ್ಲಿ ನಿಂತಿತು.

ತಾವು ಮಾತ್ರ ದಿನಾ ಸಂಜೆ ಬರುತ್ತಿದ್ದರು. ಸಮಾಧಾನದ ಮಾತು ಒಂದೂ ಆಡುತ್ತಿರಲಿಲ್ಲ. ಮೊರದಲ್ಲಿ ತೊಗರಿಬೇಳೆ ಹಾಕಿ ಅವ್ವನ ಮುಂದಿಟ್ಟು, ತಾವೂ ಎದುರಿಗೆ ಕೂತು ಕಲ್ಲು ಆರಿಸುತ್ತಿದ್ದರು. ಒಂದೂವರೆ ತಿಂಗಳು ಹೀಗೇ ನಡೆಯಿತು. ಒಂದು ಸಂಜೆ ಇದ್ದಕ್ಕಿದ್ದಂತೆ, "ತಂಗಿ, ಅವನಿಗೆ ಬೈ" ಅಂದರು.

ಅವ್ವ ತಲೆ ಎತ್ತಿದಳು.

"ಮ್ಯಾಲೆ ಅದಾನಲ್ಲ, ಅವನಿಗೇ. ಮನಸಿನಾಗ ಇಟ್ಕೊಂಡು ಕುಂತ್ರ ನೀನೂ ಹೋಗ್ತಿ. ಬೈ. ತಡ್ಕೊಳ್ಳೋ ಶಕ್ತಿ ಅವನಿಗೈತಿ."

ಅವ್ವ ಮೊರವನ್ನು ಎತ್ತಿ ಗೋಡೆಗೆ ಅಪ್ಪಳಿಸಿದಳು. ಬೇಳೆ ಅಂಗಳದ ತುಂಬ ಚೆಲ್ಲಿತು. "ನನ್ನ ಮಗನ್ನ ಕರ್ಕೊಂಡು ಹೋಗೂಮುಂದ ಎಲ್ಲಿ ನೋಡಾಕತ್ತಿದ್ದಿ? ಒಂದ ದಿನ, ಒಂದ ದಿನ ನನಗ ತಿಳೀಲಾರದಂಗ ಯಾಕ ಮಾಡಿದಿ?" ಎಂದು ಓಣಿಗೆಲ್ಲ ಕೇಳುವಂತೆ ಚೀರಿದಳು. ನಾನು ಹೆದರಿ ಎದ್ದೆ. ನರ್ಸಬಾಯಿ ನನ್ನ ಕೈ ಹಿಡಿದು ಕೂರಿಸಿದರು. ಅವ್ವ ಕೂಗಿ ಸುಸ್ತಾಗಿ, ಅವರ ತೊಡೆಯ ಮೇಲೆ ತಲೆ ಇಟ್ಟು ಅತ್ತಳು.

"ಈಗ ಖರೇ ಪ್ರಾರ್ಥನಿ ಮಾಡಿದಿ ನೋಡು" ಅಂದರು ಬಾಯಿ, ಅವಳ ಬೆನ್ನು ತಟ್ಟುತ್ತ.

ಮರುವಾರ ಅವ್ವನನ್ನು ಯಾದಗಿರಿಗೆ ಕರೆದುಕೊಂಡು ಹೋಗಿ ಮನಸ್ಸಿನ ಡಾಕ್ಟರಿಗೆ ತೋರಿಸಿದರು. "ನಾ ಏನು ಹುಚ್ಚಿ ಏನ್ರಿ?" ಎಂದು ಅವ್ವ ಬಸ್ಸಿನಲ್ಲಿ ಸಿಟ್ಟು ಮಾಡಿದಳಂತೆ. "ನನಗ ಸಕ್ಕರಿ ಬ್ಯಾನಿ ಅದ, ದಿನಾ ಗುಳಿಗಿ ನುಂಗ್ತೀನಿ. ಯೇಸು ಒಮ್ಮೆರ ಬ್ಯಾಡ ಅಂದಾನೇನು?" ಎಂದು ಬಾಯಿ ಕೇಳಿದರಂತೆ. ಗುಳಿಗೆಯೂ ನಡೆಯಿತು, ದೇವರ ಜೊತೆ ಜಗಳವೂ ನಡೆಯಿತು. ಆರು ತಿಂಗಳಿಗೆ ಅವ್ವ ಮತ್ತೆ ಚರ್ಚಿನ ಬೆಂಚಿನ ಮೇಲೆ ಕೂತಳು. ತಲೆ ಬಗ್ಗಿಸಿಕೊಂಡು ಅಲ್ಲ.

ಇಷ್ಟೆಲ್ಲ ನಮಗಾಗಿ ಯಾಕೆ ಮಾಡಿದರು ಎಂದು ನಾನು ಒಮ್ಮೆ ಕೇಳಿದೆ.  ನನ್ನನ್ನೂ ಅವ್ವನನ್ನೂ ಸುರಪುರದ ಬಸ್ ಹತ್ತಿಸಿದರು. ಅಲ್ಲಿಯ ಸಮಾಧಿ ತೋಟದ ಗೋಡೆ ಸುತ್ತಿ ಹಿಂದಕ್ಕೆ ಹೋದರೆ ಜಾಲಿ ಕಂಟಿಗಳ ನಡುವೆ ಒಂದು ಸಾಲು ಕಲ್ಲು. ಅದು ಅವರ ಗಂಡನ ಗೋರಿ. ಸಾಲಿ ಮಾಸ್ತರರಾಗಿದ್ದರಂತೆ, ನಮ್ಮ ಅಣ್ಣನ ಹಾಗೆಯೇ ಹೋದರಂತೆ. ಆಗ ನರ್ಸಬಾಯಿಗೆ ಇಪ್ಪತ್ತಾರು.

"ಅವತ್ತು ನಾ ಸೆರಗ ಬಾಯಾಗ ತುರಕ್ಕೊಂಡು ನಿಂತೆ" ಅಂದರು. "ಹೊರಗ ಹಾಕ್ತೀವಿ ಅಂದ್ರು, ಹೂಂ ಅಂದೆ. ಆ ಹೂಂ ಇನ್ನೂ ಎದ್ಯಾಗ ಐತಿ. ನಿಮ್ಮಪ್ಪ ಕೈ ಮುಗದದ್ದು ನೋಡಿದೆ, ನನಗ ತಡೀಲಿಲ್ಲ."

ಕಲ್ಲಿನ ಸುತ್ತ ಬೆಳೆದ ಹುಲ್ಲನ್ನು ಮೂವರೂ ಕೂಡಿ ಕಿತ್ತೆವು.

ಹೋದ ವರ್ಷ ನರ್ಸಬಾಯಿ ತೀರಿಕೊಂಡರು. ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಗಂಡನ ಬಗಲಲ್ಲೇ ತಮ್ಮನ್ನು ಇಡಬೇಕೆಂದು ಅವ್ವನ ಹತ್ತಿರ ಮೊದಲೇ ಹೇಳಿದ್ದರು. ಸುರಪುರಕ್ಕೆ ಒಯ್ದೆವು. ಅಲ್ಲಿಯ ಸಭೆಯವರು ಗೌರವದಿಂದಲೇ ಎದುರುಗೊಂಡರು. "ಇಂಥಾ ದೊಡ್ಡ ಹೆಣ್ಮಗಳನ್ನ ಗೋಡಿ ಹೊರಗ ಇಡೂದು ಸರಿ ಕಾಣಂಗಿಲ್ಲರಿ. ಒಳಗ ಮುಂದಿನ ಸಾಲಿನಾಗ ಜಾಗ ಮಾಡೀವಿ" ಅಂದರು.

ಅಪ್ಪ ನನ್ನ ಮುಖ ನೋಡಿದ. ನಾನು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಅವ್ವ ಮುಂದೆ ಬಂದಳು. ನಾಲ್ಕು ಜನರ ನಡುವೆ ಎಂದೂ ಬಾಯಿ ತೆರೆದವಳಲ್ಲ.

"ಆಕಿ ಗಂಡನ್ನ ಬಿಟ್ಟು ಒಳಗ ಬರಂಗಿಲ್ಲರಿ" ಅಂದಳು. "ಸರಿ ಕಾಣಂಗಿಲ್ಲಂದ್ರ ಗೋಡಿ ಸರಸ್ರಿ."

ಸಭೆಯವರು ಕೊಡಲಿ ತರಿಸಿದರು. ಜಾಲಿ ಕಂಟಿ ಕಡಿದು ಮಾಸ್ತರರ ಬಗಲಲ್ಲೇ ಕುಣಿ ತೋಡಿದರು. ಮೊದಲ ಹಿಡಿ ಮಣ್ಣು ಅವ್ವ ಹಾಕಿದಳು.

ಗೋಡೆ ಇನ್ನೂ ಸರಿದಿಲ್ಲ. ನೋಡೋಣ ಅನ್ನುತ್ತಾರೆ, ಮ್ಯಾಲಿನವರನ್ನ ಕೇಳಬೇಕು ಅನ್ನುತ್ತಾರೆ. ಅವ್ವ ಪ್ರತಿ ತಿಂಗಳೂ ಸುರಪುರಕ್ಕೆ ಹೋಗಿ ಸಭೆಯ ಕಮಿಟಿಯ ಮುಂದೆ ಕೂತು ಅದೇ ಮಾತು ಹೇಳಿ ಬರುತ್ತಾಳೆ. ಈ ಭಾನುವಾರ ಮತ್ತೆ ಮೀಟಿಂಗ್ ಇದೆ. ಅವ್ವ ಸೀರೆಗೆ ಇಸ್ತ್ರಿ ಮಾಡಿ ಇಟ್ಟಿದ್ದಾಳೆ. ಈ ಸಲ ನಾನೂ ಹೋಗುತ್ತಿದ್ದೇನೆ.