ಹೊರಮಾವಿಗೆ ಹೋದ ಕೆಂಪು ಕ್ಲಿಪ್ಪು

ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟಿದ್ದೆನಷ್ಟೆ, ಮಗಳು ಫೋನ್ ಹಿಡಿದುಕೊಂಡು ಬಂದಳು.

"ಅಪ್ಪಾ, ಗೃಹಪ್ರವೇಶದ ಇನ್ವಿಟೇಷನ್ನಿಂದ ನಂಜುಂಡಪ್ಪ ಮಾವನ ಹೆಸ್ರು ತೆಗೆದಿದ್ದು ನೀವೇ ಅಲ್ವಾ?"

ನಾನು ಕಿಟಕಿಯ ಕಡೆ ನೋಡಿದೆ.

"ಕಿಟಕಿ ನೋಡ್ಬೇಡಿ. ಯಾರು ಏನು ಅಳಿಸಿದ್ರು ಅಂತ ಇದ್ರಲ್ಲಿ ಎಲ್ಲಾರ್ಗೂ ಕಾಣ್ಸುತ್ತೆ."

ಅವಳ ಹೊಸಮನೆಯ ಆಮಂತ್ರಣವನ್ನು ಮನೆಮಂದಿ, ಹತ್ತಿರದ ನೆಂಟರೆಲ್ಲ ತಂತಮ್ಮ ಫೋನಿನಲ್ಲೇ ತಿದ್ದಬಹುದೆಂದು ಹೇಳಿಕೊಟ್ಟವಳೇ ಅವಳು. ಕಾಣಿಸುತ್ತದೆ ಎನ್ನುವುದನ್ನು ಮಾತ್ರ ಹೇಳಿರಲಿಲ್ಲ. ನಂಜುಂಡಪ್ಪ ನನ್ನ ಅಕ್ಕನ ಗಂಡ. ತಮ್ಮ ಮಗನ ನಿಶ್ಚಿತಾರ್ಥಕ್ಕೆ ನನ್ನನ್ನು ಮನೆಗೆ ಬಂದು ಕರೆಯದೆ, ಫೋನಿನಲ್ಲೇ ಕರೆದು ಮುಗಿಸಿದ್ದರು. ಅಷ್ಟು ಸಾಲದೇ, ನೀವೇ ಹೇಳಿ?

ಹೆಸರು ತೆಗೆಯುವುದು, ಹಾಕುವುದು ನನಗೆ ಹೊಸದಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಪ್ರೆಸ್ಸುಗಳಲ್ಲಿ ಕಾಗದದ ಬಂಡಲು ಹೊತ್ತು, ತೊಂಬತ್ತರ ದಶಕದ ಕೊನೆಗೆ ಶಿವಾಜಿನಗರದ ಒಂದು ಮಹಡಿಯ ಮೇಲೆ ಲಗ್ನಪತ್ರಿಕೆ ಅಚ್ಚು ಮಾಡುವ ಸ್ವಂತ ಅಂಗಡಿ ಹಾಕಿದವನು ನಾನು. ಬೋರ್ಡಿನಲ್ಲಿ ನನ್ನ ಹೆಸರು ಅಂಗಡಿಯ ಹೆಸರಿಗಿಂತ ದೊಡ್ಡದಾಗಿತ್ತು. ಇರಲಿ ಬಿಡಿ, ಬೆವರು ನನ್ನದೇ ತಾನೆ.

ಅಲ್ಲಿ ನಯಾಜ್ ಕಂಪ್ಯೂಟರಿನ ಕೋರಲ್‌ನಲ್ಲಿ ಹೂಬಳ್ಳಿ, ಗಣಪತಿ ಬಿಡಿಸುತ್ತಿದ್ದ. ಹಲಸೂರಿನಿಂದ ಬರುತ್ತಿದ್ದ ಸೆಲ್ವಿ ಪೇಜ್‌ಮೇಕರಿನಲ್ಲಿ ಕನ್ನಡ ಟೈಪ್ ಮಾಡುತ್ತಿದ್ದಳು. ಗಿರಾಕಿಗಳು ಆಫೀಸಿನಲ್ಲಿ ಕದ್ದು ವರ್ಡಿನಲ್ಲಿ ಬರೆದದ್ದನ್ನು ಫ್ಲಾಪಿಯಲ್ಲಿ ತರುತ್ತಿದ್ದರು. ಒಂದು ಸಾಫ್ಟ್‌ವೇರಿನಲ್ಲಿ ಮಾಡಿದ್ದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ತೆರೆದರೆ ಗಣಪತಿಯ ಸೊಂಡಿಲು ಒಂದು ಕಡೆ, ಹೊಟ್ಟೆ ಒಂದು ಕಡೆ. ಒಬ್ಬರು ತಿದ್ದಿದ್ದು ಇನ್ನೊಬ್ಬರಿಗೆ ತಿಳಿಯದೆ ಒಂದು ಮದುವೆ ಕಾರ್ಡು ಹಳೆಯ ಮುಹೂರ್ತದಲ್ಲೇ ಅಚ್ಚಾಗಿಬಿಟ್ಟಿತು.

ಅವತ್ತೇ ಮಹಡಿಯ ಹಗ್ಗದಿಂದ ಬಟ್ಟೆಗೆ ಹಾಕುವ ಕೆಂಪು ಕ್ಲಿಪ್ಪೊಂದನ್ನು ಕಿತ್ತು ತಂದೆ. ಕ್ಲಿಪ್ ಯಾರ ಮೈಮೇಲಿದೆಯೋ ಅವರು ಮಾತ್ರ ತಿದ್ದಬೇಕು. ಮುಗಿದ ಮೇಲೆ ಮುಂದಿನವರಿಗೆ ಕೊಡಬೇಕು. ನಯಾಜ್ ಕಾಲರಿಗೆ, ಸೆಲ್ವಿ ದುಪಟ್ಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಕೆಲಸ ಎಲ್ಲಿಗೆ ಬಂತು ಎಂದು ಕೇಳುವ ಅಗತ್ಯವೇ ಇಲ್ಲ, ಬಾಗಿಲಲ್ಲಿ ನಿಂತರೆ ಕಾಣುತ್ತಿತ್ತು. ನನ್ನ ತಲೆಯ ಬಗ್ಗೆ ನನಗೇ ಗೌರವ ಬಂತು.

ಆಗ ಬಂದದ್ದು ಹೊರಮಾವಿನ ಮುನಿವೆಂಕಟಪ್ಪನವರ ಮಗಳ ಮದುವೆ ಕಾರ್ಡು. ರಾಗಿ ಹೊಲವೆಲ್ಲ ಸೈಟಾಗಿದ್ದ ಮನೆತನ. ಆ ಸೈಟುಗಳ ವಿಷಯಕ್ಕೇ ತಮ್ಮ ಪಿಲ್ಲಪ್ಪನ ಜೊತೆ ಮಾತು ಬಿಟ್ಟಿದ್ದರು. ಅಣ್ಣ ಬಂದು 'ಸುಖಾಗಮನ ಬಯಸುವವರು' ಸಾಲಿನಿಂದ ತಮ್ಮನ ಹೆಸರು ತೆಗೆಸುವುದು, ಅವರು ಅತ್ತ ಹೋದಮೇಲೆ ತಮ್ಮ ಬಂದು ಹಾಕಿಸುವುದು. ಶುಕ್ರವಾರ ಬೆಳಿಗ್ಗೆ ಮೊದಲ ಕಾರ್ಡು ಮನೆದೇವರ ಮುಂದಿರಬೇಕಿತ್ತು. ತಪ್ಪಿದರೆ ಆ ಸುತ್ತಿನ ಹಳ್ಳಿಗಳಿಂದ ಇನ್ನೊಂದು ಮದುವೆ ನನ್ನ ಮೆಟ್ಟಿಲು ಹತ್ತುತ್ತಿರಲಿಲ್ಲ.

ಗುರುವಾರ ಕಾಗದ ತರಲು ಹೋಗಿದ್ದವನು ಮರಳಿದರೆ ಇಬ್ಬರೂ ಕೈಕಟ್ಟಿ ಕೂತಿದ್ದರು.

"ಏನ್ರೋ, ಕರೆಂಟ್ ಹೋಯ್ತಾ?"

"ಕರೆಂಟ್ ಐತೆ ಭಾಯ್. ಕ್ಲಿಪ್ ಹೋಯ್ತು," ಎಂದ ನಯಾಜ್. "ಮುನಿವೆಂಕಟಪ್ಪೋರು ಬಂದು ತಮ್ಮನ ಹೆಸ್ರು ತೆಗೆಸಿದ್ರು. 'ಯಾರಯ್ಯಾ ಇದ್ನ ತಿರ್ಗಾ ತಿರ್ಗಾ ತಿದ್ದೋದು' ಅಂದ್ರು. ಕ್ಲಿಪ್ ಇರೋರು ಅಂತ ಸೆಲ್ವಿ ಬಾಯ್ಬಿಟ್ಲು. ನನ್ ಕಾಲರಿಂದ ಕಿತ್ಕೊಂಡು, ಅವ್ರ ಜೇಬಿಗೆ ಹಾಕ್ಕೊಂಡು ಬೈಕ್ ಹತ್ಬಿಟ್ರು."

ಛತ್ರದ ವಿಳಾಸ ತಿದ್ದುವುದು ಇನ್ನೂ ಬಾಕಿ ಇತ್ತು. "ಇನ್ನೊಂದು ಕ್ಲಿಪ್ ತಗೊಂಡು ಮಾಡ್ರೋ," ಎಂದೆ.

"ಅಂಗಡಿ ಹೊತ್ಕೊಂಡು ಉರಿದ್ರೂ ಆ ಕ್ಲಿಪ್ ಇಲ್ದೆ ಫೈಲ್ ಮುಟ್ಬಾರ್ದು ಅಂದೋರು ಯಾರಣ್ಣಾ?" ಎಂದಳು ಸೆಲ್ವಿ. "ಗೋಡೆ ಮೇಲೂ ಬರೆಸಿದೀರ."

ಬರೆಸಿದ್ದೆ. ದಪ್ಪ ಅಕ್ಷರದಲ್ಲಿ.

ಕಾರ್ಡಿನ ಪ್ರೂಫ್ ಸುತ್ತಿಕೊಂಡು ಹೊರಮಾವಿನ ಬಸ್ಸು ಹತ್ತಿದೆ. ಬಾಣಸವಾಡಿ ದಾಟುವವರೆಗೂ ನನ್ನ ನಿಯಮವನ್ನು ನಾನೇ ಬೈದುಕೊಂಡೆ. ಮುರಿಯಲು ಮಾತ್ರ ಮನಸ್ಸು ಬರಲಿಲ್ಲ. ಅಲ್ಲಿ ಮುನಿವೆಂಕಟಪ್ಪನವರು ಜೇಬಿನ ಮೇಲೆ ಕ್ಲಿಪ್ ಸಿಕ್ಕಿಸಿಕೊಂಡು, ಮೆಡಲು ಬಂದವರ ಹಾಗೆ ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಅವರ ತಾಯಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಕ್ಲಿಪ್ ಕೊಡಲ್ಲ ಸ್ವಾಮಿ. ಕೊಟ್ರೆ ಅವ್ನ್ ಬಂದು ಸೇರ್ಕೊಂತಾನೆ."

"ಏನ್ಲಾ ಅದು ಕ್ಲಿಪ್ಪು?" ಎಂದು ಅಜ್ಜಿ ಕೇಳಿದರು. ವಿವರಿಸಿದೆ. "ಎಲ್ಲಿ, ಲಗ್ನಪತ್ರಿಕೆ ಓದಪ್ಪ," ಎಂದರು. ಸೋದರಮಾವಂದಿರನ್ನೆಲ್ಲ ದಾಟಿ, ಬಂಧುಮಿತ್ರರವರೆಗೆ ಓದಿ ನಿಲ್ಲಿಸಿದೆ.

"ನಮ್ ಪಿಲ್ಲ ಎಲ್ಲಿ?"

ಮುನಿವೆಂಕಟಪ್ಪನವರು ಜೇಬಿನ ಮೇಲೆ ಕೈಯಿಟ್ಟುಕೊಂಡರು. ಅಜ್ಜಿ ಎದ್ದು ಮಗನ ಜೇಬಿನಿಂದ ಕ್ಲಿಪ್ ಕಿತ್ತು ತಮ್ಮ ಸೆರಗಿಗೆ ಸಿಕ್ಕಿಸಿಕೊಂಡರು. "ಈಗ ನಾನ್ ಹೇಳ್ದಂಗಲ್ವಾ? ಬರ್ಕೋ. ಇಬ್ರುನ್ನೂ ಒಂದೇ ಸಾಲ್ನಾಗೆ ಹಾಕು. ಒಂದೇ ತೊಟ್ಲಾಗೆ ಬೆಳ್ದೋರು."

ಮುನಿವೆಂಕಟಪ್ಪನವರು ನನ್ನ ಮುಖ ನೋಡಿದರು. ನಾನೇನು ಮಾಡಲಿ? "ರೂಲ್ಸ್ ಸಾರ್," ಎಂದೆ.

ಅಜ್ಜಿ ಅಲ್ಲಿಗೇ ನಿಲ್ಲಿಸಲಿಲ್ಲ. ಕೊಟ್ಟ ಹೆಣ್ಣುಮಕ್ಕಳು, ಅವರ ಬೀಗರು, ಹಿಂದಿನ ಬೀದಿಯ ಸೂಲಗಿತ್ತಿ, ಎಲ್ಲರೂ ಪತ್ರಿಕೆಯೊಳಗೆ ಬಂದರು. ಜಾಗ ಸಾಲದೆ ನಯಾಜನ ಗಣಪತಿ ಹೆಬ್ಬೆರಳಿನ ಗಾತ್ರಕ್ಕೆ ಇಳಿಯಬೇಕಾಯಿತು. ಕ್ಲಿಪ್ ಮಾತ್ರ ಕೊಡಲಿಲ್ಲ. "ಮದ್ವೆ ಮುಗೀಲಿ. ನೀನ್ ಹೋಗಿ ನಾನ್ ಹೇಳ್ದೆ ಅಂತ ಮಾಡು." ಹೇಳಿದವರ ಮೈಮೇಲೆ ಕ್ಲಿಪ್ ಇತ್ತಲ್ಲ, ಸೆಲ್ವಿಯೂ ಒಪ್ಪಿದಳು. ಶುಕ್ರವಾರ ಬೆಳಕು ಹರಿಯುತ್ತಲೇ ಕಾರ್ಡು ಒಯ್ಯಲು ಬಂದವನು ಪಿಲ್ಲಪ್ಪ. ಬೈಕು ಅಣ್ಣನದು.

ಇದನ್ನೆಲ್ಲ ಮಗಳಿಗೆ ಹೇಳಿ ಮುಗಿಸಿದೆ. ಅವಳು ಫೋನನ್ನು ನನ್ನ ಕೈಗಿಟ್ಟಳು. ಕನ್ನಡಕ ಏರಿಸಿ, ನಂಜುಂಡಪ್ಪ ಎಂದು ಒಂದೊಂದೇ ಅಕ್ಷರ ಒತ್ತಿದೆ. ಒತ್ತಿ ಉಸಿರು ಬಿಡುವಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅಕ್ಕ.

"ಲೋ, ನಿಮ್ ಭಾವ ಬೆಳಿಗ್ಗೆಯಿಂದ ತಿಂಡಿನೂ ತಿನ್ದೆ ಫೋನಲ್ಲಿ ಆ ಇನ್ವಿಟೇಷನ್ನೇ ನೋಡ್ತಾ ಕೂತಿದ್ರು ಕಣೋ. ಈಗ ತಟ್ಟೆ ಮುಂದೆ ಕೂತ್ರು. ಹೆಸ್ರಿನ ಮುಂದೆ ಒಂದು 'ಶ್ರೀ' ಹಾಕ್ಬೇಕಂತೆ."

"ಹಾಕ್ತೀನಕ್ಕ. ಭಾನುವಾರ ಮನೆಗೇ ಬಂದು ಕರೀತೀನಿ ಅಂತನೂ ಹೇಳು," ಎಂದೆ. "ನಾನು ಫೋನಲ್ಲಿ ಕರೆಯೋನಲ್ಲ."