ಬಿಸಿಲಿಗೆ ಹಾಕಿದ ಮಣೆ

ಅವತ್ತೂ ಎದ್ದ ಕೂಡಲೇ ಒಲೆಗೆ ನೀರಿಟ್ಟು, ಕದ ತೆಗೆದು, ಹುಲ್ಲಿನ ಮೇಲಿನ ಹಿಮ ಕರಗಿದೆಯೇ ಎಂದು ನೋಡಿದೆ. ಬೆಟ್ಟದ ಮೇಲಿನ ನಮ್ಮ ಹಟ್ಟಿಯಲ್ಲಿ ಬಿಸಿಲು ಮೊದಲು ಬೀಳುವುದು ಪಕ್ಕದ ಮನೆಯ ಗೋಡೆಯ ಬುಡಕ್ಕೆ. ಅಲ್ಲಿ ಮಣೆ ಹಾಕಿ, ಓರಗಿತ್ತಿಯನ್ನು ಕೈಹಿಡಿದು ತಂದು ಕೂರಿಸಿದೆ. ಕಾಫಿ ಲೋಟ ಹಿಡಿಯಲಾಗದಷ್ಟು ಅವಳ ಬೆರಳುಗಳು ಊದಿದ್ದವು. ಮೂಗಿನ ಎರಡೂ ಬದಿಗೆ ಕೆನ್ನೆ ಕೆಂಪಗಿತ್ತು.

"ಮುಖ ಉರಿಯತ್ತ ಅಕ್ಕ, ಒಳಗ ಹೋಗಲಾ?"

"ಸುಮ್ಮನೆ ಕೂರು. ಕೀಲಿಗೆ ಒಳ್ಳೇದು."

ಅವಳಿಗಿದ್ದದ್ದು ಲೂಪಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುತ್ತದೆ, ಪೂರ್ತಿ ಹೋಗದು, ಹತೋಟಿಯಲ್ಲಿಡಬಹುದು ಎಂದು ತಿಂಗಳ ಹಿಂದೆ ಊಟಿಯ ಡಾಕ್ಟರು ತಿಳಿಸಿ, ಮಿಕ್ಕಿದ್ದೆಲ್ಲ ಇದರಲ್ಲಿದೆ ಎಂದು ಇಂಗ್ಲಿಷಿನ ಹಾಳೆಯೊಂದನ್ನು ಕೊಟ್ಟಿದ್ದರು. ಮನೆಯಲ್ಲಿ ಕಾನ್ವೆಂಟ್ ಓದಿದವಳು ನಾನೊಬ್ಬಳೇ. ಎಲ್ಲರನ್ನೂ ಒಲೆಯ ಸುತ್ತ ಕೂರಿಸಿ ಟೀಚರಮ್ಮನ ಹಾಗೆ ಓದಿ ಹೇಳಿದೆ: ಮಾತ್ರೆ ಊಟದ ಮೇಲೆ, ನಾವಾಗಿಯೇ ನಿಲ್ಲಿಸಬಾರದು, ತಿಂಗಳಿಗೊಮ್ಮೆ ರಕ್ತ, ಮೂತ್ರದ ಪರೀಕ್ಷೆ. ಬಿಸಿಲಿಗೆ ಹೋಗಬಾರದು ಎಂಬ ಸಾಲನ್ನು ಮಾತ್ರ ಹೇಳದೆ ದಾಟಿಬಿಟ್ಟೆ. ಅದು ಬೆಟ್ಟದ ಕೆಳಗಿನ ಸೆಕೆಯ ಊರುಗಳವರಿಗೆ ಬರೆದದ್ದು. ಈ ಚಳಿಯಲ್ಲಿ ಬಿಸಿಲು ಯಾರಿಗೆ ಕೆಟ್ಟದ್ದು ಮಾಡಿದೆ ಎಂದುಕೊಂಡೆ.

ಅವಳನ್ನು ಮಣೆಯಿಂದ ಎಬ್ಬಿಸಿಕೊಂಡು ಅಂದು ಪರೀಕ್ಷೆಗೆ ಊಟಿಗೆ ಹೋದೆವು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು; ಕಾಯಿಲೆ ಕಿಡ್ನಿಗೆ ತಾಗಿದೆ ಎಂದರು. ಬಿಸಿಲಿಗೆ ಹೋಗುವುದುಂಟೇ ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದರು. "ಅಕ್ಕ ದಿನಾ ಕೂರಿಸ್ತಾಳೆ" ಎಂದಳು ಅವಳು, ಹೆಮ್ಮೆಯಿಂದ.

ಡಾಕ್ಟರು ನನ್ನ ಕಡೆ ತಿರುಗಿದರು. ಹಾಳೆಯಲ್ಲಿತ್ತಲ್ಲ ಎಂದರು. ನೋಡಲಿಲ್ಲ ಎಂದೆ. ಅವಳಿಗೆ ತಿಳಿಯದಿರಲೆಂದು ಆ ಸುಳ್ಳನ್ನು ಇಂಗ್ಲಿಷಿನಲ್ಲೇ ಹೇಳಿದೆ. ಬೆಟ್ಟದ ಬಿಸಿಲು ಹಿತವಾಗಿ ಕಂಡರೂ ಹೆಚ್ಚು ಚುರುಕು, ಈ ಕಾಯಿಲೆಯನ್ನು ಕೆರಳಿಸುತ್ತದೆ ಎಂದರು. ಕಿಡ್ನಿಗೆ ತಾಗಿದ್ದು ಬರೀ ಅದರಿಂದಲೇ ಎನ್ನಲಾಗದು ಎಂದೂ ಅಂದರು. ಆ ಒಂದು ಮಾತನ್ನು ಎಷ್ಟು ಬೇಗ ಬಾಚಿಕೊಂಡೆ! ಮಾತ್ರೆ ಹೆಚ್ಚಾಯಿತು.

"ಡಾಕ್ಟರ್ ನಿನ್ನ ಬೈದರಾ ಅಕ್ಕ?" ಹೊರಗೆ ಬಂದಾಗ ಅವಳು ಕೇಳಿದಳು.

"ಇಲ್ಲ. ಇನ್ನು ಮೇಲೆ ಬಿಸಿಲು ಬೇಡವಂತೆ."

ಬಸ್ಸಿನಲ್ಲಿ ನನ್ನ ಶಾಲನ್ನು ಅವಳ ಮುಖಕ್ಕೆ ಹೊದಿಸಿದೆ. ನನ್ನ ಭುಜಕ್ಕೊರಗಿ ನಿದ್ದೆಹೋದಳು. ಊರು ಬರುವವರೆಗೂ ಆ ಸಾಲಿನ ವಿಷಯ ಹೇಳಬಹುದಿತ್ತು; ಎಬ್ಬಿಸಲಿಲ್ಲ.

ಸಂಜೆ ಗೋಡೆಯ ಬುಡದಲ್ಲೇ ಉಳಿದಿದ್ದ ಮಣೆಯನ್ನು ತರಲು ಹೋದೆ. ಪಕ್ಕದ ಮನೆಯ ಅಜ್ಜಿ ಕೊಡ ತುಂಬಿಕೊಂಡು ಬರುತ್ತಿದ್ದವರು ನನ್ನನ್ನು ಕಂಡು ನಿಂತರು.

"ನಿನ್ನಂತ ಅಕ್ಕ ಯಾರಿಗ ಸಿಕ್ಕೀತು? ಬಿಸಿಲು ಜರುಗಿದಂಗೆ ನೀ ಮಣೆನೂ ಜರುಗಿಸ್ತಿದ್ದೆ, ನಾ ದಿನಾ ನೋಡಿದ್ದೆ. ಎನ್ನ ಸೊಸೆ ಎನಗ ಒಂದು ಲೋಟ ನೀರು ಕೊಟ್ಟಿಲ್ಲೆ."